ಹಾವಿಗೆ ಕತ್ತು ತಿರುಗಿಸಲು ಕಲಿಸುವುದು

ಅಂಗೈಯಲ್ಲಿ ಹಿಡಿದು ಆಡುವ ಹಾವಿನ ವಿಡಿಯೊ ಆಟಕ್ಕೆ ಬೇಕಾಗುವುದು ಇಷ್ಟೇ: ಪ್ರೋಗ್ರಾಮ್ ಓಡಿಸುವ ಪುಟ್ಟ ಹಲಗೆ ಆರ್ಡುಯಿನೊ ನ್ಯಾನೊ ಒಂದು, 0.96 ಇಂಚಿನ ಓಎಲ್‌ಇಡಿ ಪರದೆ, ಐದು ಬಟನ್, ಒಂದು ಬಜರ್, ಮೂರು ಎಎ ಸೆಲ್. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡ್ ಇದೆ. ಅಂಗಡಿಯಲ್ಲಿ ‘ಪ್ಯಾಸಿವ್ ಬಜರ್’ ಎಂದೇ ಕೇಳಿ. ಇಲ್ಲದಿದ್ದರೆ ಹಾವು ಹಣ್ಣು ತಿಂದರೂ ‘ಕುಂಯ್’, ಗೋಡೆಗೆ ಗುದ್ದಿ ಸತ್ತರೂ ಅದೇ ‘ಕುಂಯ್’.

ಪರದೆಗೆ ನಾಲ್ಕೇ ಕಾಲು. ಮಾಹಿತಿ ಸಾಗಿಸುವ ಎಸ್‌ಡಿಎ ನ್ಯಾನೊದ ಎ4 ಪಿನ್ನಿಗೆ, ಅದಕ್ಕೆ ತಾಳ ಹಾಕುವ ಎಸ್‌ಸಿಎಲ್ ಎ5ಕ್ಕೆ. ಉಳಿದೆರಡರಲ್ಲಿ ಕೆಲವು ಪರದೆಗಳಿಗೆ ಜಿಎನ್‌ಡಿ (ಮೈನಸ್) ಮೊದಲು, ಕೆಲವಕ್ಕೆ ವಿಸಿಸಿ (ಪ್ಲಸ್) ಮೊದಲು. ತಮ್ಮ ಪರದೆಯ ಮೇಲಿನ ಅಕ್ಷರ ಓದದೆ ಯೂಟ್ಯೂಬ್ ನೋಡಿ ತಂತಿ ತಿರುವುಮುರುವಾಗಿ ಸಿಕ್ಕಿಸಿದವರ ಪರದೆ ಬೆಳಗುವ ಬದಲು ಬಿಸಿಯಾಗುತ್ತದೆ. ಹಿಂಬದಿಯಲ್ಲಿ, ನ್ಯಾನೊ ಪರದೆಯನ್ನು ಕರೆಯುವ ವಿಳಾಸ 0x78 ಎಂದು ಅಚ್ಚಾಗಿದ್ದರೂ ಪ್ರೋಗ್ರಾಮಿನಲ್ಲಿ 0x3C ಎಂದೇ ಬರೆಯಬೇಕು. ಮನೆ ಒಂದೇ, ಬಾಗಿಲಿಗೆ ಹಳೇ ನಂಬರು, ಹೊಸ ನಂಬರು ಎರಡೂ ಇದ್ದ ಹಾಗೆ.

ಇಷ್ಟಾದರೂ ಪರದೆ ಕಪ್ಪಗೇ ಇದ್ದರೆ ತಂತಿಯನ್ನು ಬೈಯಬೇಡಿ, ಲೆಕ್ಕ ಹಾಕಿ. ನ್ಯಾನೊ ಚಿಪ್ಪಿನ ಕೆಲಸದ ನೆನಪು, ಅಂದರೆ ರ್‍ಯಾಮ್ 2048 ಬೈಟ್. 128×64 ಚುಕ್ಕಿಗಳ ಪರದೆಗೆ 1024 ಬೈಟ್ ಹೋಯಿತು. ಉದ್ದಕ್ಕೂ ಅಡ್ಡಕ್ಕೂ ನಾಲ್ಕು ಚುಕ್ಕಿಗೊಂದು ಮನೆಯಂತೆ 32×16, ಅಂದರೆ 512 ಮನೆ. ಹಾವು ಅಷ್ಟೂ ಮನೆ ತುಂಬಬಹುದೆಂದು ತಲಾ ಎರಡು ಬೈಟ್ ಎತ್ತಿಟ್ಟರೆ ಇನ್ನೊಂದು 1024. ಅಲ್ಲಿಗೆ ಪ್ರೋಗ್ರಾಮಿಗೆ ಉಸಿರಾಡಲೂ ಜಾಗವಿಲ್ಲ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಮಾತ್ರ ‘ಇನ್ನೂ ಜಾಗವಿದೆ’ ಎನ್ನುತ್ತಿರುತ್ತದೆ, ಏಕೆಂದರೆ ಪರದೆಗೆ ಚಿತ್ರ ಬರೆದುಕೊಡುವ ಅಡಾಫ್ರೂಟ್ ಲೈಬ್ರರಿ ಪರದೆಯ ಪಾಲನ್ನು ಕೇಳುವುದೇ ಆಟ ಶುರುವಾದ ಮೇಲೆ. ಹಾವನ್ನು 100 ತುಂಡಿಗೆ ನಿಲ್ಲಿಸಿ. ಅದಕ್ಕಿಂತ ಉದ್ದ ಬೆಳೆಸುವವರು ಮನೆಯಲ್ಲಿದ್ದರೆ ಅವರಿಗೆ ಪರೀಕ್ಷೆ ಹತ್ತಿರದಲ್ಲಿರುತ್ತದೆ.

ಇನ್ನು ಬಟನ್. ನಾಲ್ಕು ಕಾಲಿದ್ದರೂ ಎರಡೆರಡು ಒಳಗೊಳಗೇ ಒಂದು. ತಪ್ಪು ಜೋಡಿ ಹಿಡಿದರೆ ಯಾರೂ ಮುಟ್ಟದೆಯೇ ಒತ್ತಿದಂತಿರುತ್ತದೆ. ಮೂಲೆಯಿಂದ ಎದುರು ಮೂಲೆಯ ಕಾಲು ಹಿಡಿದರೆ ಈ ತಾಪತ್ರಯವಿಲ್ಲ. ಒಂದು ಕಾಲು ಪಿನ್ನಿಗೆ, ಇನ್ನೊಂದು ಜಿಎನ್‌ಡಿಗೆ, ಪ್ರೋಗ್ರಾಮಿನಲ್ಲಿ ಇನ್‌ಪುಟ್ ಪುಲ್‌ಅಪ್, ಅಂದರೆ ಚಿಪ್ಪಿನೊಳಗಿನ ರೆಸಿಸ್ಟರ್ ಪಿನ್ನನ್ನು ಮೇಲಕ್ಕೆ ಎಳೆದಿಡಲಿ ಎಂಬ ಆಜ್ಞೆ. ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು. ತಲೆಕೆಳಗು ನಿಜ, ಆದರೆ ಹೊರಗೆ ರೆಸಿಸ್ಟರ್ ಬೇಕಿಲ್ಲ. ಒತ್ತಿದಾಗ ಒಳಗಿನ ತಗಡು ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ದಿಕ್ಕಿನ ನಾಲ್ಕು ಬಟನ್‌ಗಳಿಗೆ ಅದರಿಂದ ನಷ್ಟವಿಲ್ಲ: ಎಡಕ್ಕೆ ಎಂದು ಐದು ಸಲ ಹೇಳಿದರೂ ಎಡವೇ. ಆಟ ನಿಲ್ಲಿಸುವ ಐದನೆಯ ಬಟನ್ನಿಗೆ ಮಾತ್ರ 20 ಮಿಲಿಸೆಕೆಂಡ್ ಕಿವುಡು ಕಲಿಸಿ, ಇಲ್ಲವಾದರೆ ಒಂದೇ ಒತ್ತಿಗೆ ಆಟ ನಿಂತು ಮತ್ತೆ ಓಡುತ್ತದೆ.

ನಿಜವಾದ ಕಿತಾಪತಿ ಬೇರೆ. ಹಾವು ಬಲಕ್ಕೆ ಹೋಗುವಾಗ ಅದು ಒಂದು ಹೆಜ್ಜೆ ಇಡುವಷ್ಟರಲ್ಲಿ ‘ಮೇಲೆ’, ‘ಎಡ’ ಎರಡನ್ನೂ ಪಟಪಟನೆ ಒತ್ತಿದರೆ ಅದು ತನ್ನ ಕತ್ತನ್ನೇ ಕಚ್ಚಿಕೊಂಡು ಸಾಯುತ್ತದೆ. ಕೊನೆಗೆ ಒತ್ತಿದ ದಿಕ್ಕಿಗಲ್ಲ, ಕೊನೆಗೆ ನಡೆದ ದಿಕ್ಕಿಗೆ ಹೋಲಿಸಿ ನೋಡಬೇಕು. ಹೆಜ್ಜೆಗಳ ನಡುವೆ ಕಾಯಲು, ಪ್ರೋಗ್ರಾಮನ್ನೇ ತಡೆದು ನಿಲ್ಲಿಸುವ ಡಿಲೇ ಆಜ್ಞೆ ಹಾಕಿದರೆ ಅಷ್ಟು ಹೊತ್ತು ಬಟನ್ ಕೇಳುವವರೇ ಇರುವುದಿಲ್ಲ. ಸ್ವಿಚ್ ಹಾಕಿ ಎಷ್ಟು ಮಿಲಿಸೆಕೆಂಡ್ ಆಯಿತೆಂದು ಹೇಳುವ ಮಿಲಿಸ್ ನೋಡಿ ಕಾಲ ಎಣಿಸಿ.

ಹಣ್ಣು ಎಲ್ಲಿ ಬೀಳಬೇಕೆಂಬುದನ್ನು ಬರೀ ರ್‍ಯಾಂಡಮ್‌ಗೆ ಬಿಟ್ಟರೆ ಸ್ವಿಚ್ ಹಾಕಿದಾಗಲೆಲ್ಲ ಅದೇ ಕ್ರಮ. ಮೂರನೇ ಆಟಕ್ಕೆ ಮಕ್ಕಳಿಗೆ ಬಾಯಿಪಾಠ. ಎ0 ಪಿನ್ನನ್ನು ಖಾಲಿ ಬಿಟ್ಟು, ಅಲ್ಲಿನ ವಿದ್ಯುತ್ ಗದ್ದಲವನ್ನು ಓದಿ ಬೀಜವಾಗಿ, ಅಂದರೆ ಆ ಕ್ರಮ ಶುರುವಾಗುವ ಸಂಖ್ಯೆಯಾಗಿ ಕೊಡಿ. ಕೊನೆಗೆ ಡಬ್ಬಿ ಮುಚ್ಚುವಾಗ ಯಾರಾದರೂ ಅಚ್ಚುಕಟ್ಟಿರಲಿ ಎಂದು ಆ ಖಾಲಿ ಕಾಲನ್ನು ಜಿಎನ್‌ಡಿಗೆ ಸೇರಿಸಿಬಿಟ್ಟರೆ, ಹಣ್ಣು ಮತ್ತೆ ಹಳೇ ಜಾಗಕ್ಕೇ.