ಹಾಳೆ ಮೇಲಿನ ಮನೆ ಯಾವತ್ತೂ ಬಿದ್ದಿಲ್ಲ

ನಾನು ಕಟ್ಟಿಸ್ತಿದ್ದ ಮನೆ ಇನ್ಸ್‌ಪೆಕ್ಷನ್ನಿಗೆ ಅಂತ ಬಂದೋರು ಪಿಲ್ಲರ್ ಹತ್ರ ನಿಂತು ಬೆರಳ ಗೆಣ್ಣಲ್ಲಿ ಎರಡು ಸಲ ಕುಟ್ಟಿದ್ರು, ಡಾಕ್ಟರು ಬೆನ್ನು ತಟ್ಟಿ ಕಫ ಇದೆಯಾ ಅಂತ ನೋಡ್ತಾರಲ್ಲ ಹಾಗೆ, ಆಮೇಲೆ "ಸ್ಟ್ರಾಂಗ್ ಇದೆ ಬಿಡಿ" ಅಂದ್ರು. ಒಳಗೆ ಎಷ್ಟು ಕಂಬಿ ಇದೆ, ರಿಂಗು ಎಷ್ಟೆಷ್ಟು ದೂರಕ್ಕೆ ಕಟ್ಟಿದ್ದಾರೆ ಅನ್ನೋದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಿದ್ದದ್ದು ಕಟ್ಟಿದವನೊಬ್ಬನಿಗೆ, ಅವನು ಅಷ್ಟೊತ್ತಿಗೆ ಇನ್ಯಾವುದೋ ಸೈಟಿಗೆ ಹೋಗಿ ಮೂರು ತಿಂಗಳಾಗಿತ್ತು. ಕಾಂಕ್ರೀಟ್ ಸುರಿದು ಗಾರೆ ಆಗಿ ಪ್ರೈಮರ್ ಹೊಡೆದ ಮೇಲೆ ಕಂಬಿ ಚೆಕ್ ಮಾಡೋಕೆ ಬಂದಿದ್ರು ಪುಣ್ಯಾತ್ಮರು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ ಅನ್ನೋ ಗಾದೆ ಮಾಡಿದವನು ಖಂಡಿತ ಒಂದು ಮನೆ ಕಟ್ಟಿಸಿರ್ಬೇಕು.

ರೂಲಲ್ಲಿ ಹೀಗಿಲ್ಲ ಮತ್ತೆ. ರೂಲು ಬರೆದೋರು ದಡ್ಡರಲ್ಲ. ಪಾಯ ತೋಡಿದ ಮೇಲೆ ಮಣ್ಣು ನೋಡ್ಬೇಕು, ಕಂಬಿ ಕಟ್ಟಿದ ಮೇಲೆ ಮೋಲ್ಡ್ ಹಾಕೋ ಮುಂಚೆ ನೋಡ್ಬೇಕು, ಪೈಪು ವೈರು ಗೋಡೆ ಒಳಗೆ ಮುಚ್ಚಿ ಹೋಗೋ ಮುಂಚೆ ನೋಡ್ಬೇಕು. ಮುಚ್ಚೋ ಮುಂಚೆ ನೋಡಿ ಅನ್ನೋದೊಂದೇ ಮಾತು, ಉಳಿದಿದ್ದೆಲ್ಲಾ ವಿವರ. ಆದ್ರೆ ಮೋಲ್ಡ್ ಹಾಕೋ ದಿನ ಹೇಗಿರುತ್ತೆ ಹೇಳಿ, ಬೆಳಿಗ್ಗೆನೇ ಮಿಕ್ಸರ್ ಬಂದು ನಿಂತಿರುತ್ತೆ, ಜನ ಬಂದಿರ್ತಾರೆ, ಮೋಡ ಕಟ್ಟಿರುತ್ತೆ, ಮೇಸ್ತ್ರಿ ಗಡಿಯಾರ ನೋಡ್ತಿರ್ತಾನೆ, ಅವಾಗ ಯಾರಾದ್ರೂ "ಒಂದ್ನಿಮಿಷ, ಇಂಜಿನಿಯರ್ ಬಂದು ನೋಡ್ಲಿ" ಅಂದ್ರೆ ಅವನೇ ಊರಿಗೆ ಶತ್ರು.

ನೋಡಿದ್ರೆ ಏನು ಕಾಣ್ತಿತ್ತು ಅಂದ್ರೆ ರಿಂಗಿನ ಕೊಕ್ಕೆ ಕಾಣ್ತಿತ್ತು. ಪಿಲ್ಲರ್ ಕಂಬಿಗಳನ್ನ ಸುತ್ತಿ ಹಿಡಿಯೋ ರಿಂಗಿನ ತುದಿನ 135 ಡಿಗ್ರಿ ಬಗ್ಗಿಸಿ ಒಳಗಿನ ಕಾಂಕ್ರೀಟಿಗೆ ಚುಚ್ಚಿ ಹಿಡಿಯೋ ಹಾಗೆ ಮಾಡ್ಬೇಕು. ನಮ್ಮೋರು 90 ಡಿಗ್ರಿಗೇ ಬಿಟ್ಟುಬಿಡ್ತಾರೆ, ಕೈ ನೋಯುತ್ತಂತೆ. ಮಾಮೂಲಿ ದಿನಗಳಲ್ಲಿ ಎರಡೂ ಒಂದೇ ಥರ ನಿಂತಿರುತ್ತೆ, ಭೂಕಂಪದಲ್ಲಿ ಪಿಲ್ಲರಿನ ಹೊರಗಿನ ಕಾಂಕ್ರೀಟ್ ಉದುರಿದ ತಕ್ಷಣ 90 ಡಿಗ್ರಿದು ಬಿಚ್ಚಿಕೊಳ್ಳುತ್ತೆ, ಪಿಲ್ಲರ್ ಹೊಟ್ಟೆ ಒಡೆಯುತ್ತೆ. ಇಡೀ ಬಿಲ್ಡಿಂಗಿನ ಹಣೆಬರಹ ಒಂದು ಕಂಬಿ ತುದಿನ ಇನ್ನೂ 45 ಡಿಗ್ರಿ ಬಗ್ಗಿಸಿದ್ರಾ ಇಲ್ವಾ ಅನ್ನೋದರಲ್ಲಿದೆ, ನಾವು ಮಾತ್ರ ಹಾಲ್ ಟೈಲ್ಸ್ ಬಣ್ಣಕ್ಕೆ ಹದಿನೈದು ದಿನ ಚರ್ಚೆ ಮಾಡಿದ್ವಿ.

ಇನ್ನು ಕ್ಯೂಬ್ ಟೆಸ್ಟ್, ಇದು ನನಗೆ ತುಂಬಾ ಇಷ್ಟ. ಸೈಟಿಗೆ ಬಂದ ಕಾಂಕ್ರೀಟಲ್ಲಿ ಸ್ವಲ್ಪ ತೆಗೆದು 150 ಮಿಲಿಮೀಟರಿನ ಡಬ್ಬಿಗೆ ತುಂಬಿ 28 ದಿನ ಆದ್ಮೇಲೆ ಮಿಷಿನ್ನಲ್ಲಿಟ್ಟು ಒಡೆಯೋದು, ಎಷ್ಟು ಭಾರಕ್ಕೆ ಒಡೀತು ಅಂತ ಬರ್ಕೊಳ್ಳೋದು. ಒಳ್ಳೇ ಪದ್ಧತಿನೇ. ಆದ್ರೆ ಆ ಕ್ಯೂಬಿನ ಯೋಗ ನೋಡ್ಬೇಕು ನೀವು. ಅದಕ್ಕೆ ಅಂತ ಬೇರೆ ಕಲಸ್ತಾರೆ, ಸಿಮೆಂಟ್ ಒಂದು ಕೈ ಜಾಸ್ತಿ ಬೀಳುತ್ತೆ, ಪದರ ಪದರಕ್ಕೂ ಲೆಕ್ಕ ಹಾಕಿ ಕುಟ್ತಾರೆ, ಮಾರನೇ ದಿನ ಡಬ್ಬಿ ಬಿಚ್ಚಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ 28 ದಿನ ಬಾಣಂತಿ ಥರ ನೋಡ್ಕೊಳ್ತಾರೆ. ಅದೇ ಹೊತ್ತಿಗೆ ಮೇಲೆ ಸ್ಲ್ಯಾಬಿಗೆ ಹಾಕಿದ ಕಾಂಕ್ರೀಟ್ ಗಟ್ಟಿ ಇದೆ, ಜಾರ್ತಿಲ್ಲ ಅಂತ ಪೈಪ್ ಹಿಡಿದು ನೀರು ಬಿಟ್ಟಿರ್ತಾರೆ (ನೀರು ಜಾಸ್ತಿ ಆದಷ್ಟೂ ಬಲ ಕಮ್ಮಿ, ಇದು ಗೊತ್ತಿಲ್ಲದ ಮೇಸ್ತ್ರಿ ಇಲ್ಲ, ಪಾಲಿಸೋ ಮೇಸ್ತ್ರಿನ ನಾನು ನೋಡಿಲ್ಲ). ಹಾಕುವಾಗ ಬೇಡದ ನೀರು ಸಿಕ್ತು, ಹಾಕಿದ ಮೇಲೆ ಬೇಕಾದ ನೀರು ಸಿಗ್ಲಿಲ್ಲ, ಕ್ಯೂರಿಂಗ್ ಮಾಡೋ ಹುಡುಗ ಎರಡನೇ ದಿನಕ್ಕೆ ನಾಪತ್ತೆ, ಸ್ಲ್ಯಾಬು ಬಿಸಿಲಲ್ಲಿ ಹಪ್ಪಳ. ಕ್ಯೂಬ್ ಮಾತ್ರ ಫಸ್ಟ್ ಕ್ಲಾಸಲ್ಲಿ ಪಾಸು. ಹಾಗಾಗಿ ಆ ಕ್ಯೂಬಲ್ಲೇ ಹೋಗಿ ವಾಸ ಮಾಡೋದು ಸೇಫು.

ಪ್ಲಾನ್ ಅನ್ನೋದೂ ಅದೇ ಜಾತಿ. ಪ್ಲಾನಲ್ಲಿ ಬರೆದಿರೋ ಕಾರು ನೋಡಿದ್ದೀರಾ? ಅದಕ್ಕೆ ಬಾಗಿಲು ಇರಲ್ಲ. ಇರಲ್ಲ ಅಂದ್ರೆ ತೆಗೆಯೋಕೆ ಜಾಗ ಇರಲ್ಲ, ಪಿಲ್ಲರ್ ಪಕ್ಕಕ್ಕೆ ಅಂಟ್ಕೊಂಡು ನಿಂತಿರುತ್ತೆ, ಡ್ರೈವರ್ ಡಿಕ್ಕಿಯಿಂದ ಇಳೀತಾನೇನೋ. ಪ್ಲಾನಲ್ಲಿ "ಸ್ಟೋರ್" ಅಂತ ಇರೋ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಇರುತ್ತೆ, ಅಕ್ಕಿ ಮೂಟೆ ಸ್ನಾನ ಮಾಡ್ಬೇಕಲ್ವಾ ಪಾಪ. ಮನೆ ಸುತ್ತ ಸೆಟ್‌ಬ್ಯಾಕ್ ಅಂತ ಖಾಲಿ ಬಿಟ್ಟ ಜಾಗದಲ್ಲಿ ಮೊದಲು ಚಪ್ಪಲಿ ಸ್ಟ್ಯಾಂಡು, ಆಮೇಲೆ ಮಳೆ ಬರುತ್ತೆ ಅಂತ ಒಂದು ಶೀಟು, ಶೀಟು ಅಲ್ಲಾಡುತ್ತೆ ಅಂತ ಒಂದು ಗೋಡೆ, ಗೋಡೆ ಇದ್ಮೇಲೆ ಬಾಗಿಲು. ಕೇಳಿದ್ರೆ ಟೆಂಪರರಿ. ಬೆಂಕಿ ಆರಿಸೋ ಗಾಡಿ ಪಕ್ಕದಲ್ಲಿ ನುಗ್ಗೋಕೆ, ಒಂದು ಮನೆ ಬೆಂಕಿ ಇನ್ನೊಂದಕ್ಕೆ ಹಾರದೆ ಇರೋಕೆ ಬಿಟ್ಟಿದ್ದ ಜಾಗ ಅದು.

ಬೆಂಕಿ ಅಂದ್ರೆ ನೆನಪಾಯ್ತು. 1666ರಲ್ಲಿ ಲಂಡನ್ನಲ್ಲಿ ಮರದ ಮನೆಗಳು ಒಂದಕ್ಕೊಂದು ಆತು ನಿಂತಿದ್ವು, ಮೇಲಿನ ಮಹಡಿಗಳು ಬೀದಿ ಮೇಲೆ ಚಾಚಿಕೊಂಡು ಎದುರು ಮನೆಗೆ ಮುತ್ತಿಡೋ ಹಾಗಿದ್ವು, ಬೆಂಕಿ ಬಿದ್ದಾಗ ಸುಮಾರು 13,200 ಮನೆ ಹೋದ್ವು. ಹಾಗೆ ಚಾಚಬೇಡಿ ಅಂತ ಅದಕ್ಕೂ ಮುಂಚೆನೇ ಆಜ್ಞೆ ಇತ್ತು, ಯಾರೂ ಕ್ಯಾರೇ ಅಂದಿರ್ಲಿಲ್ಲ. 1667ರಲ್ಲಿ ಕಾನೂನು ಬಂತು, ಇಟ್ಟಿಗೆ ಇಲ್ಲಾ ಕಲ್ಲಲ್ಲೇ ಕಟ್ಟಿ, ಗೋಡೆ ಇಷ್ಟೇ ದಪ್ಪ ಇರ್ಲಿ, ನೋಡೋಕೆ ಸರ್ವೇಯರ್ ಬರ್ತಾರೆ ಅಂತ. ಇನ್ನೂ ಹಿಂದಕ್ಕೆ ಹೋದ್ರೆ ಬ್ಯಾಬಿಲೋನಿನ ಹಮ್ಮುರಾಬಿ, ಹೆಚ್ಚೂ ಕಮ್ಮಿ 3,750 ವರ್ಷದ ಹಿಂದೆ, ಮನೆ ಬಿದ್ದು ಯಜಮಾನ ಸತ್ರೆ ಕಟ್ಟಿದವನಿಗೆ ಮರಣದಂಡನೆ, ಯಜಮಾನನ ಮಗ ಸತ್ರೆ ಕಟ್ಟಿದವನ ಮಗನಿಗೆ. ಆ ಮಗ ಏನು ತಪ್ಪು ಮಾಡಿದ್ದ ಅಂತ ಕೇಳ್ಬೇಡಿ, ಕ್ರೂರನೇ. ಆದ್ರೆ ಅದೇ ಕಾನೂನಲ್ಲಿ ಗೋಡೆ ವಾಲಿದ್ರೆ ಕಟ್ಟಿದವನೇ ತನ್ನ ದುಡ್ಡಲ್ಲಿ ಸರಿ ಮಾಡ್ಬೇಕು ಅಂತಾನೂ ಇದೆ. ಇವತ್ತು ಅದಕ್ಕೆ ಗ್ಯಾರಂಟಿ ಪೀರಿಯಡ್ ಅಂತೀವಿ, ಅದು ಮುಗಿದ ಮಾರನೇ ದಿನ ಬಿರುಕು ಬಿಡುತ್ತೆ, ಬಿರುಕಿಗೆ ಕ್ಯಾಲೆಂಡರ್ ಓದೋಕೆ ಬರುತ್ತೆ.

ಸೀಲು ಅನ್ನೋದರ ಮೇಲೆ ನಮಗಿರೋ ಭಕ್ತಿ ಇದೆಯಲ್ಲ, ಅದು ನಮ್ಮೊಬ್ಬರದ್ದಲ್ಲ. 1981ರಲ್ಲಿ ಅಮೆರಿಕದ ಕನ್ಸಾಸ್ ಸಿಟಿಯ ಹಯಾಟ್ ರೀಜೆನ್ಸಿ ಹೋಟೆಲಲ್ಲಿ ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ನಡೆದಾಡೋ ಸೇತುವೆಗಳು ಜನ ತುಂಬಿದ್ದಾಗ ಕುಸಿದು 114 ಜನ ಸತ್ರು. ಕಾರಣ ಕೇಳಿ. ಮೇಲಿಂದ ಒಂದೇ ಉದ್ದನೆ ರಾಡು ಇಳೀಬೇಕಿತ್ತು, ಕಷ್ಟ ಅಂತ ಎರಡು ತುಂಡು ಮಾಡಿದ್ರು, ಕೆಳಗಿನ ಸೇತುವೆ ಮೇಲಿನ ಸೇತುವೆಗೆ ಜೋತು ಬಿತ್ತು. ಒಂದು ಹಗ್ಗ ಹಿಡಿದು ಇಬ್ಬರು ನೇತಾಡೋದಕ್ಕೂ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿದು ನೇತಾಡೋದಕ್ಕೂ ಇರೋ ವ್ಯತ್ಯಾಸ ಅಷ್ಟೆ, ಮೇಲಿನವನ ಕೈಗೆ ಡಬಲ್ ಭಾರ. ಇದು ಲೆಕ್ಕ ಹಾಕಿದ್ರೆ ಗೊತ್ತಾಗ್ತಿತ್ತು, ಯಾರೂ ಹಾಕ್ಲಿಲ್ಲ, ಡ್ರಾಯಿಂಗ್ ಮೇಲೆ ಇಂಜಿನಿಯರ್ ಸೀಲು ಮಾತ್ರ ನೀಟಾಗಿ ಬಿದ್ದಿತ್ತು.

ದಕ್ಷಿಣ ಕೊರಿಯಾದ ಸೋಲ್ ಊರಲ್ಲಿ ಸಾಂಪೂಂಗ್ ಅಂತ ದೊಡ್ಡ ಅಂಗಡಿ ಬಿಲ್ಡಿಂಗು. ಮೇಲೊಂದು ಮಹಡಿ ಜಾಸ್ತಿ ಏರಿಸಿದ್ರು, ಪಿಲ್ಲರ್ ಸಣ್ಣ ಮಾಡಿದ್ರು, ಆಫೀಸರುಗಳು ಲಂಚ ತಗೊಂಡು ಓಕೆ ಅಂದಿದ್ರು. 1995ರ ಜೂನ್ 29ಕ್ಕೆ ಬೆಳಿಗ್ಗೆನೇ ಬಿರುಕು ಬಾಯ್ಬಿಟ್ಟಿತ್ತು, ಮೇಲಿನ ಮಹಡಿ ಮುಚ್ಚಿ ಕೆಳಗೆ ವ್ಯಾಪಾರ ಮುಂದುವರಿಸಿದ್ರು, ಸಂಜೆ ಬಿಲ್ಡಿಂಗ್ ಕುಸಿದು 502 ಜನ ಹೋದ್ರು. ಢಾಕಾ ಹತ್ತಿರ ರಾನಾ ಪ್ಲಾಜಾದಲ್ಲಿ 2013ರ ಏಪ್ರಿಲ್ 23ಕ್ಕೆ ಬಿರುಕು ಕಂಡು ಕೆಳಗಿದ್ದ ಬ್ಯಾಂಕು ಬಾಗಿಲು ಹಾಕ್ತು, ಮೇಲಿನ ಗಾರ್ಮೆಂಟ್ಸಿನವರನ್ನ ಮಾತ್ರ ಮಾರನೇ ದಿನ ಕೆಲಸಕ್ಕೆ ಕರೆಸಿದ್ರು, ಬಿಲ್ಡಿಂಗ್ ಕುಸಿದು 1,134 ಜನ ಹೋದ್ರು. ಇಲ್ಲಿ ನನಗೆ ಜೋಕು ಬರಲ್ಲ, ಮುಂದೆ ಹೋಗ್ತೀನಿ.

ಇಷ್ಟೆಲ್ಲಾ ಆದ್ಮೇಲೂ ನಮ್ಮ ಹತ್ರ ಒಂದು ಬ್ರಹ್ಮಾಸ್ತ್ರ ಇದೆ, ಸಕ್ರಮ. ಪರ್ಮಿಷನ್ ಇಲ್ಲದ ಮಹಡಿ ಕಟ್ಟಿದ್ರಾ, ದಂಡ ಕಟ್ಟಿ, ರಸೀದಿ ತಗೊಳ್ಳಿ, ಮಹಡಿ ಪವಿತ್ರ ಆಯ್ತು. ನನಗಿರೋ ಡೌಟು ಒಂದೇ, ದಂಡ ಆಫೀಸಿಗೆ ಹೋಗುತ್ತೆ, ಭಾರ ಹೊರ್ತಿರೋದು ಕೆಳಗಿನ ಬೀಮು, ಅದಕ್ಕೆ ರಸೀದಿ ತೋರಿಸಿದ್ರೆ ಶಕ್ತಿ ಬರುತ್ತಾ? ಜೆರಾಕ್ಸ್ ಅಂಟಿಸಿದ್ರೆ ಸಾಕಾ, ಒರಿಜಿನಲ್ಲೇ ಬೇಕಾ?

ನಾನೇನು ಸಾಚಾ ಅಂತಲ್ಲ. ಮೋಲ್ಡ್ ದಿನ ನಾನೂ ಗಡಿಯಾರ ನೋಡಿದವನೇ, "ಆಗ್ಲಿ ಬಿಡಪ್ಪಾ, ಹಾಕು" ಅಂದಿದ್ದು ನನ್ನ ಬಾಯೇ. ಮೊನ್ನೆ ಯಾಕೋ ಫೈಲು ತೆಗೆದು ನೋಡ್ತಿದ್ದೆ, ಚೆಂದ ಇದೆ ಫೈಲು, ಪ್ರತಿ ಹಂತಕ್ಕೂ ಒಂದು ಇನ್ಸ್‌ಪೆಕ್ಷನ್ ರಿಪೋರ್ಟು, ಸಹಿ, ತಾರೀಖು, ಕಂಬಿ ಕಟ್ಟಿದ್ದರ ಕಲರ್ ಫೋಟೋ ಬೇರೆ. ಕಂಬಿ ಅಚ್ಚುಕಟ್ಟಾಗಿದೆ, ರಿಂಗಿನ ಕೊಕ್ಕೆ ಎಲ್ಲಾ 135 ಡಿಗ್ರಿ, ಕಂಬಿ ಅಚ್ಚಿಗೆ ತಾಗದ ಹಾಗೆ ಇಡೋ ಕವರ್ ಬ್ಲಾಕು ಸಾಲಾಗಿ ಇಟ್ಟಿದ್ದಾರೆ, ಮೂಲೆಯಲ್ಲೊಂದು ಹಿಡಿ ಮುರಿದ ನೀಲಿ ಬಕೆಟ್. ಖುಷಿಯಾಗಿ ಪಕ್ಕದ ಮನೆಯವರಿಗೆ ತೋರಿಸೋಣ ಅಂತ ಹೋದೆ. ಅವರೂ ಅವರ ಫೈಲು ತಂದು ಬಿಚ್ಚಿದ್ರು. ಅದೇ ಕಂಬಿ, ಅದೇ ಕೊಕ್ಕೆ, ಅದೇ ಹಿಡಿ ಮುರಿದ ನೀಲಿ ಬಕೆಟ್.