ನೋಡುವ ಕಾಕಾ, ಕೇಳುವ ವೈನಿ

ನಮ್ಮ ಬೆಳಗಾವಿಯಲ್ಲಿ ಧಾರಾವಾಹಿ ನೋಡುವ ಗಂಡಸು ಒಬ್ಬನೂ ಇಲ್ಲ. ಬೇಕಾದರೆ ಯಾರನ್ನಾದರೂ ಕೇಳಿ ನೋಡಿ. "ನಾವೆಲ್ಲಿ ನೋಡ್ತೀವ್ರಿ, ಮನ್ಯಾಗ ಹೆಣ್ಮಕ್ಕಳು ಹಚ್ಚಿರ್ತಾರ, ನಾವು ಸುಮ್ನ ಅಲ್ಲೇ ಕುಂತಿರ್ತೀವಿ" ಅನ್ನುತ್ತಾರೆ. ಹೀಗೆ ಸುಮ್ನೆ ಕೂತವರಿಗೆ ಯಾವ ಸೊಸೆಯ ತಾಳಿ ಯಾರು ಕದ್ದರು, ಯಾರ ಹಾಲಿನ ಲೋಟಕ್ಕೆ ಯಾರು ಏನು ಬೆರೆಸಿದರು ಎಲ್ಲ ಗೊತ್ತು. ನಾನೂ ಅದೇ ಪಂಗಡದವನು. ಅದಕ್ಕೇ ಇಲ್ಲಿ ಬರೆಯುವ ಅಭಿಪ್ರಾಯಗಳು ನನ್ನವಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಅರ್ಧ ನಮ್ಮ ವೈನಿಯವು, ಅಂದರೆ ಅತ್ತಿಗೆಯವು, ಇನ್ನರ್ಧ ಗಿರಣಿ ಕಾಕಾನವು. ನಡುನಡುವೆ ನನ್ನದೂ ಒಂದೆರಡು ನುಸುಳಬಹುದು, ಹೊಟ್ಟೆಗೆ ಹಾಕ್ಕೊಳ್ಳಿ.

ವೈನಿ ಧಾರಾವಾಹಿ ನೋಡುವುದಿಲ್ಲ, ಕೇಳುತ್ತಾರೆ. ಸಂಜೆ ಏಳಕ್ಕೆ ಹಾಲ್‌ನಲ್ಲಿ ಟಿವಿ ಶುರುವಾದರೆ ಒಳಗೆ ರೊಟ್ಟಿ ಬಡಿಯುವುದೂ ಶುರು. ಅಡುಗೆಮನೆಯಿಂದ ಟಿವಿ ಕಾಣುವುದಿಲ್ಲ. ನಡುವೆ ಒಂದು ಗೋಡೆ, ಒಂದು ಫ್ರಿಜ್ಜು. ಆದರೂ ಕಥೆಯ ಒಂದು ಎಳೆಯೂ ಅವರ ಕೈ ತಪ್ಪುವುದಿಲ್ಲ. ಹೇಗೆ ಅಂತ ನಾನೂ ಗಮನಿಸಿ ನೋಡಿದೆ. ನಮ್ಮ ಧಾರಾವಾಹಿಗಳನ್ನು ಮಾಡುವವರು ಬಹಳ ಜಾಣರು. ರೊಟ್ಟಿ ಬಡಿಯುವವರು ಯಾರು, ಎಲ್ಲಿ ನಿಂತಿರುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಪಾತ್ರಗಳು ಮಾತಿಗೊಮ್ಮೆ ಒಬ್ಬರ ಹೆಸರು ಒಬ್ಬರು ಹೇಳುತ್ತಿರುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಜೋರಾಗಿ ಹೇಳುತ್ತಾರೆ. ಕೆಟ್ಟವರು ಬಂದರೆ ಒಂದು ಸಂಗೀತ, ಒಳ್ಳೆಯವರು ಅತ್ತರೆ ಒಂದು ಕೊಳಲು. ನಿನ್ನೆ ಆದದ್ದನ್ನು ಇವತ್ತು ಇನ್ನೊಬ್ಬರ ಬಾಯಲ್ಲಿ ಹೇಳಿಸುತ್ತಾರೆ. ಡಮಾರ್ ಅಂತ ಸಿಡಿಲಿನ ಸದ್ದು ಬಂದರೆ ವೈನಿಯ ಕೈ ಪರಾತದಲ್ಲೇ ನಿಲ್ಲುತ್ತದೆ. "ಗೊತ್ತಾತೇನು ಅಕಿಗೆ?" ಅಂತ ಒಳಗಿನಿಂದ ಪ್ರಶ್ನೆ. "ಗೊತ್ತಾತು" ಅಂತ ಹಾಲ್‌ನಿಂದ ಯಾರಾದರೂ ಹೇಳಬೇಕು. ಆಮೇಲೆ ರೊಟ್ಟಿ ಮುಂದುವರಿಯುತ್ತದೆ.

ಗಿರಣಿ ಕಾಕಾನದು ಇದಕ್ಕೆ ತೀರಾ ಉಲ್ಟಾ. ಖಾಸಬಾಗದ ಕಡೆ ಅವರ ಹಿಟ್ಟಿನ ಗಿರಣಿ. ತೂಕದ ಕಾಟಾದ ಮೇಲ್ಗಡೆ, ಸಿದ್ಧಾರೂಢರ ಫೋಟೋ ಪಕ್ಕದಲ್ಲಿ ಒಂದು ಟಿವಿ. ಗಿರಣಿ ತಿರುಗುವಾಗ ಪಕ್ಕದಲ್ಲಿ ಬಾಂಬ್ ಬಿದ್ದರೂ ಕೇಳುವುದಿಲ್ಲ, ಟಿವಿಯ ಮಾತೆಲ್ಲಿ ಕೇಳಬೇಕು? ಕಾಕಾ ಅದರ ದನಿ ಬಂದ್ ಮಾಡಿಯೇ ಇಟ್ಟಿರುತ್ತಾರೆ. ಪರದೆ ಮೇಲೆ ಹಿಟ್ಟು ಕೂತು ಎಲ್ಲರ ಮುಖ ಬೆಳ್ಳಗಾದಾಗ ಹೆಗಲ ಮೇಲಿನ ಟವೆಲ್ಲಿನಿಂದ ಒಮ್ಮೆ ಒರೆಸುತ್ತಾರೆ. ಟವೆಲ್ಲಿನಲ್ಲೂ ಹಿಟ್ಟೇ ಇರುವುದರಿಂದ ಮುಖಗಳು ಇನ್ನಷ್ಟು ಬೆಳ್ಳಗಾಗುತ್ತವೆ. ಕಾಕಾನ ಹುಬ್ಬು ಕೂಡ ಅದೇ ಬಣ್ಣ. ಹೀಗೆ ವರ್ಷಗಟ್ಟಲೆ ದನಿಯಿಲ್ಲದೆ ನೋಡಿದ ಕಣ್ಣು ಅವರದು. ಜೋಳ ಬೀಸಿಸಲು ಹೋದಾಗ ಪಾಳಿ ಬರುವವರೆಗೆ ನಾನು ಅವರ ವಿಮರ್ಶೆ ಕೇಳುತ್ತೇನೆ. ಗಿರಣಿಯ ಸದ್ದಿನ ಮೇಲೆ ಕೂಗಿ ಹೇಳುವುದರಿಂದ ಅದು ಇಡೀ ಓಣಿಗೇ ಕೇಳುತ್ತದೆ.

"ಅಷ್ಟು ದೊಡ್ಡ ಸೋಫಾ ತಂದಾರ ತಮ್ಮಾ, ಒಬ್ಬರರ ಕೂಡ್ತಾರೇನು? ಮನಿ ಮಂದಿಯೆಲ್ಲಾ ಸಾಲಾಗಿ ನಿಂತ ಬಿಟ್ಟಿರ್ತಾರ" ಅಂದರು ಒಮ್ಮೆ. ಆಮೇಲೆ ನಾನೂ ನೋಡಿದೆ. ಖರೆ. ಯಾವ ಚಾನೆಲ್ಲಾದರೂ ಹಾಕಿ, ದೊಡ್ಡ ಜಗಳದ ಹೊತ್ತಿನಲ್ಲಿ ಸೋಫಾ ಖಾಲಿ. ಇನ್ನೊಂದು ದೂರು ಅವರ ಕಸುಬಿನದು. "ಇಷ್ಟು ವರ್ಷ ನೋಡೇನಿ, ಒಂದ ಮನ್ಯಾಗೂ ಹಿಟ್ಟಿನ ಡಬ್ಬಿ ಕಂಡಿಲ್ಲ. ಒಬ್ಬರೂ ಗಿರಣಿಗೆ ಹೋಗೂದಿಲ್ಲ. ಏನ ತಿಂತಾರ ಇವರು?"

ವೈನಿಯ ಆಕ್ಷೇಪಗಳು ಕಿವಿಯಿಂದ ಬಂದವು. ಜೀ ಕನ್ನಡದಲ್ಲಿ 2021ರ ಕೊನೆಗೆ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ನಮ್ಮ ಮನೆಯಲ್ಲಿ ಅದಕ್ಕೆ ವಿಶೇಷ ಮರ್ಯಾದೆ ಸಿಕ್ಕಿತು. ವೈನಿಯ ತವರು ಬನಹಟ್ಟಿ, ತೇರದಾಳ ಕ್ಷೇತ್ರದ ಊರು. ಪುಟ್ಟಕ್ಕನ ಪಾತ್ರದ ಉಮಾಶ್ರೀ 2013ರಲ್ಲಿ ತೇರದಾಳದಿಂದ ಗೆದ್ದು ಶಾಸಕಿಯಾಗಿ, ಮಂತ್ರಿಯೂ ಆದವರು. ಹಾಗಾಗಿ ನಮ್ಮ ಮನೆಯಲ್ಲಿ ಅವರು ನಟಿ ಆಮೇಲೆ, ಮೊದಲು "ನಮ್ಮ ಊರಿನ ಎಂಎಲ್ಎ". ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ಕಥೆ. ಮಾತೆಲ್ಲ ಮಂಡ್ಯದ ಕಡೆಯದು. ಆ ಮಾತು ವೈನಿಗೆ ಶುರುವಿನಲ್ಲಿ ಅರ್ಧಂಬರ್ಧ ತಿಳಿಯುತ್ತಿತ್ತು, ಆದರೆ ಉಮಾಶ್ರೀ ಅಳುವುದು ಪೂರ್ತಿ ತಿಳಿಯುತ್ತಿತ್ತು. ಇಷ್ಟೆಲ್ಲ ಅಭಿಮಾನ ಇದ್ದರೂ ವೈನಿ ಒಂದು ಮಾತು ಬಿಡಲಿಲ್ಲ. "ಅಷ್ಟು ಮಂದಿ ಮೆಸ್ಸಿನ್ಯಾಗ ಉಣ್ತಾರ. ಭಾಂಡೆ ತಿಕ್ಕೋ ಸಪ್ಪಳ ಒಮ್ಮೆರ ಕೇಳ್ಯದೇನು?"

ಮಗಳು ಸ್ನೇಹಾ ಅಪಘಾತದಲ್ಲಿ ಸತ್ತ ವಾರ ನಮ್ಮ ಓಣಿಯಲ್ಲಿ ದೊಡ್ಡ ಗದ್ದಲ. ಕಥೆ ಹೊತ್ತುಕೊಂಡು ನಡೆದಿದ್ದ ಹುಡುಗಿಯನ್ನೇ ಸಾಯಿಸಿದರಲ್ಲ ಅಂತ ಹೆಂಗಸರಿಗೆಲ್ಲ ಸಿಟ್ಟು. ವೈನಿ ಅವತ್ತು ರೊಟ್ಟಿ ಮಾಡಲೇ ಇಲ್ಲ, ಅನ್ನ ಸಾರಿನಲ್ಲಿ ಮುಗಿಸಿದರು. ಕಾಕಾ ಮಾತ್ರ ಬಹಳ ದಿನ ಒಪ್ಪಲಿಲ್ಲ. ದನಿ ಇಲ್ಲವಲ್ಲ, ಅವರ ಲೆಕ್ಕದಲ್ಲಿ ಹುಡುಗಿ ದವಾಖಾನೆಯಲ್ಲಿ ಮಲಗಿದ್ದಾಳೆ. "ಏಳ್ತಾಳ ತಡಿ, ಹೀರೋಯಿನ್ ಹಂಗೆಲ್ಲ ಸಾಯೂದಿಲ್ಲ" ಅಂತ ಗಿರಾಕಿಗಳಿಗೆಲ್ಲ ಧೈರ್ಯ ಹೇಳುತ್ತಿದ್ದರು. ಕೊನೆಗೆ ನಾನೇ ಹೇಳಬೇಕಾಯಿತು. ಒಂದು ಸಾವಿನ ಸುದ್ದಿ ಮುಟ್ಟಿಸುವಾಗ ಹೇಗೆ ಹೇಳಬೇಕೋ ಹಾಗೇ, ಮೊದಲು ಅದೂ ಇದೂ ಮಾತಾಡಿ ಆಮೇಲೆ ಹೇಳಿದೆ.

ಅಂದಹಾಗೆ ಇವರಿಬ್ಬರ ನಡುವಿನ ಟಪಾಲು ನಾನೇ. ವೈನಿಗೆ ಸೀರೆಯ ಬಣ್ಣ, ಮನೆಯ ಅಂದಚಂದ ಕಾಕಾನಿಂದ ತಿಳಿಯುತ್ತದೆ. ಕಾಕಾನಿಗೆ ಯಾರು ಯಾರಿಗೆ ಏನೆಂದರು ಅನ್ನುವುದು ವೈನಿಯಿಂದ. ಇಬ್ಬರೂ ಒಬ್ಬರನ್ನೊಬ್ಬರು ಇದುವರೆಗೆ ಭೇಟಿಯಾಗಿಲ್ಲ. ಹಿಟ್ಟಿನ ಡಬ್ಬಿ ಸ್ಕೂಟರಿನ ಮೇಲೆ ಹೋಗಿ ಬರುತ್ತದೆ, ಅದರ ಜೊತೆ ಕಥೆಯೂ.

ಬೆಳಗಾವಿ ಅಂದಮೇಲೆ ಮರಾಠಿ ಧಾರಾವಾಹಿ ಬಿಟ್ಟರೆ ಹೇಗೆ? ಗಡಿಯ ತಂಟೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ರಿಮೋಟಿನ ತಂಟೆ ಮಾತ್ರ ಮನೆಮನೆಯಲ್ಲಿ ದಿನಾ ಇತ್ಯರ್ಥ ಆಗುತ್ತದೆ. ಏಳರಿಂದ ಕನ್ನಡ, ನಡುವೆ ಜಾಹೀರಾತು ಬಂದರೆ ಮರಾಠಿ. ಪಕ್ಕದ ಮನೆಯ ಮಾವಶಿಗೆ ಕನ್ನಡ ಧಾರಾವಾಹಿ ಆಗುತ್ತದೆ, ನಮ್ಮ ವೈನಿಗೆ ಮರಾಠಿಯೂ ಆಗುತ್ತದೆ. ಕೊಲ್ಲಾಪುರದ ಕಡೆಯ ಪೈಲವಾನನ ಕಥೆ 'ತುಝ್ಯಾತ್ ಜೀವ್ ರಂಗಲಾ' ಜೀ ಮರಾಠಿಯಲ್ಲಿ 2016ರಿಂದ 2021ರ ತನಕ ಬಂತು. ಅದರ ನಾಯಕ ರಾಣಾದಾ ಅಂದರೆ ಈ ಭಾಗದಲ್ಲಿ ಗೊತ್ತಿಲ್ಲದವರು ಕಡಿಮೆ. ಕುಸ್ತಿ, ಕೆಂಪು ಮಣ್ಣು, ಹೊಲ, ವಾಡೆ, ಎಲ್ಲ ನಮ್ಮ ಹಿತ್ತಲಲ್ಲೇ ನಡೆದ ಹಾಗೆ ಕಾಣುತ್ತಿತ್ತು. ಹೆಂಗಸರೆಲ್ಲ ಆ ಹುಡುಗನ ಭೋಳೆ ಸ್ವಭಾವಕ್ಕೆ ಮರುಳಾದರು. ಕಾಕಾ ಒಬ್ಬರೇ ಒಪ್ಪಲಿಲ್ಲ. ಅವರು ಹರೆಯದಲ್ಲಿ ತಾಲೀಮಿಗೆ ಹೋದವರು, ಆನಂದವಾಡಿಯ ಆಖಾಡದ ಕುಸ್ತಿ ಇವತ್ತಿಗೂ ತಪ್ಪಿಸದವರು. "ಮೈ ಕಟ್ಯಾನ, ಇಲ್ಲ ಅನ್ನೂದಿಲ್ಲ. ಆದರ ಕಿವಿ ನೋಡು. ಮುರದಿಲ್ಲ. ಕಿವಿ ಮುರೀಲಾರದಾಂವ ಎಂಥ ಪೈಲವಾನ?" ವರ್ಷಾನುಗಟ್ಟಲೆ ಕುಸ್ತಿ ಹಿಡಿದವರ ಕಿವಿ ಜಜ್ಜಿ ಗಂಟು ಕಟ್ಟಿರುತ್ತದೆ ಅನ್ನುವುದು ನನಗೂ ಅವತ್ತೇ ತಿಳಿದದ್ದು. ಈಗ ಪರದೆ ಮೇಲೆ ಯಾವ ಪೈಲವಾನ ಬಂದರೂ ನಾನು ಮೊದಲು ನೋಡುವುದು ಕಿವಿ.

ಡಬ್ಬಿಂಗ್ ವಿಷಯಕ್ಕೆ ಬಂದರೆ ಇಬ್ಬರದೂ ಒಂದೇ ಮಾತು. 2020ರ ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ಹೊಸ ಕಂತುಗಳು ಇಲ್ಲವಾದಾಗ ಸ್ಟಾರ್ ಸುವರ್ಣದಲ್ಲಿ ಹಿಂದಿಯ ಮಹಾಭಾರತ ಕನ್ನಡ ಮಾತಾಡತೊಡಗಿತು. ಡಬ್ಬಿಂಗ್ ಬೇಕೋ ಬೇಡವೋ ಅಂತ ಬೆಂಗಳೂರಿನಲ್ಲಿ ಎಷ್ಟೋ ವರ್ಷದಿಂದ ಜಗಳ ನಡೆದಿತ್ತು. ನಮ್ಮಲ್ಲಿ ಜಗಳಕ್ಕೆ ಕಾರಣವೇ ಇರಲಿಲ್ಲ. ವೈನಿಗೆ ತುಟಿ ಕಾಣುವುದಿಲ್ಲ, ಕಾಕಾನಿಗೆ ಮಾತು ಕೇಳುವುದಿಲ್ಲ. ಶಕುನಿಯ ತುಟಿ ನಿಂತಮೇಲೂ ಮಾತು ನಡೆದೇ ಇರುವುದನ್ನು ಕಂಡು ಸಂಕಟಪಟ್ಟವನು ನಾನೊಬ್ಬನೇ.

ಬಿಗ್ ಬಾಸ್ ಬಗ್ಗೆ ವೈನಿಗೆ ಒಳ್ಳೆ ಅಭಿಪ್ರಾಯ ಇಲ್ಲ. ಹತ್ತು ಮಂದಿ ಒಟ್ಟಿಗೇ ಕೂಗಿದರೆ ಅಡುಗೆಮನೆಗೆ ಏನೂ ತಿಳಿಯುವುದಿಲ್ಲ. "ಶನಿವಾರ ಸುದೀಪ ಬಂದ ಬಿಡಸಿ ಹೇಳ್ತಾನಲ್ಲ, ಅವತ್ತ ಕೇಳಿದ್ರ ಸಾಕು" ಅನ್ನುತ್ತಾರೆ. ಅದರಲ್ಲೂ ಒಂದು ನ್ಯಾಯ ಇದೆ. ವಾರವಿಡೀ ಜಗಳ ನೋಡಿ ನಾವು ಕಳೆದ ಹೊತ್ತನ್ನು ಅವರು ಎರಡು ರಾತ್ರಿಯಲ್ಲಿ ಮುಗಿಸುತ್ತಾರೆ. ಆದರೆ ಹನ್ನೊಂದನೇ ಸೀಸನ್ನಿನಲ್ಲಿ ಕಾಕಾನ ಕಣ್ಣು ಗೆದ್ದಿತು. ಸವಣೂರು ತಾಲ್ಲೂಕಿನ ಹನುಮಂತ ಲಮಾಣಿ ನಡುವೆ ವೈಲ್ಡ್ ಕಾರ್ಡ್ ಮೂಲಕ ಒಳಗೆ ಬಂದ ಹುಡುಗ. ಕುರಿ ಕಾಯುತ್ತ ಹಾಡುತ್ತಿದ್ದವನು, ಬಿಗ್ ಬಾಸಿಗೂ ಮೊದಲೇ ಸರಿಗಮಪದಲ್ಲಿ ಹೆಸರು ಮಾಡಿದವನು. ಅವನು ಬಂದ ಮೇಲೆ ಕೆಲವೇ ದಿನಕ್ಕೆ ಕಾಕಾ ತೀರ್ಪು ಕೊಟ್ಟರು. "ಅಲ್ಲಿ ಎಲ್ಲಾರ ಬಾಯಿ ತೆರದ ಇರ್ತಾವು. ಇಂವಂದ ಒಂದ ಮುಚ್ಚಿರ್ತೈತಿ. ಗೆದ್ದರ ಇಂವನ ಗೆಲ್ತಾನ." 2025ರ ಜನವರಿಯಲ್ಲಿ ಗೆದ್ದವನು ಅವನೇ. ಬಹುಮಾನ 50 ಲಕ್ಷ. ಮರುದಿನ ಗಿರಣಿಯಲ್ಲಿ ಕಾಕಾ ಎಲ್ಲರಿಗೂ ಚಹಾ ಕುಡಿಸಿದರು, ತಾವೇ ಗೆದ್ದಷ್ಟು ಖುಷಿಯಲ್ಲಿ.

ನಮ್ಮ ಕಡೆಯ ಮಾತು ಟಿವಿಯಲ್ಲಿ ಬಂದರೆ ಸಾಕು, ನಗಿಸಲಿಕ್ಕೇ ಬಂತು ಅಂತ ಲೆಕ್ಕ. ಅಡುಗೆಭಟ್ಟ, ಕುಡುಕ, ಪೊಲೀಸ್ ಪೇದೆ, ಇವರಿಗೆ ಮಾತ್ರ ಉತ್ತರ ಕರ್ನಾಟಕ. ಈಟಿವಿ ಕನ್ನಡದ ದಿನಗಳಲ್ಲಿ ವೈಶಾಲಿ ಕಾಸರವಳ್ಳಿಯವರ 'ಮೂಡಲ ಮನೆ' ಬಂದಾಗ ಹಾಗಿರಲಿಲ್ಲ. ಅದರಲ್ಲಿ ಮನೆಯ ಹಿರಿಯರೂ ನಮ್ಮ ಹಾಗೇ ಮಾತಾಡುತ್ತಿದ್ದರು, ಗಂಭೀರವಾಗಿ. ಅದನ್ನು ವೈನಿ ಈಗಲೂ ನೆನೆಸುತ್ತಾರೆ. ಹನುಮಂತನ ವಿಷಯದಲ್ಲೂ ನನಗೆ ಹಿಡಿಸಿದ್ದು ಅದೇ. ಅವನು ಯಾರನ್ನೂ ನಗಿಸಲಿಕ್ಕೆ ಹಾಗೆ ಮಾತಾಡಲಿಲ್ಲ, ಅವನಿಗೆ ಬರುತ್ತಿದ್ದದ್ದೇ ಆ ಮಾತು.

ಚಂದನದ 'ಥಟ್ ಅಂತ ಹೇಳಿ' ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. 2002ರಿಂದ ಡಾ. ನಾ. ಸೋಮೇಶ್ವರ ಕೇಳುತ್ತ ಬಂದಿದ್ದಾರೆ, ಸರಿ ಉತ್ತರಕ್ಕೆ ಇವತ್ತಿಗೂ ಪುಸ್ತಕವೇ ಬಹುಮಾನ. ನಮ್ಮ ಮನೆಯಲ್ಲಿ ಉತ್ತರ ಬರುವುದು ಅಡುಗೆಮನೆಯಿಂದ. ಲೆಕ್ಕ ಹಾಕಿದ್ದರೆ ವೈನಿಗೆ ಇಷ್ಟೊತ್ತಿಗೆ ಒಂದು ಕಪಾಟು ಪುಸ್ತಕ ಬರಬೇಕಿತ್ತು.

ಇನ್ನು ಅಣ್ಣನ ಮಗ. ಅವನದು ಬೇರೆ ಲೋಕ, ಎಲ್ಲ ಮೊಬೈಲಿನಲ್ಲಿ, ಕಿವಿಗೆ ಬೆಂಡು. ಒಮ್ಮೆ ದೊಡ್ಡ ಮನಸ್ಸು ಮಾಡಿ ಹಿಂದಿಯ 'ಪಂಚಾಯತ್' ಅನ್ನು ಟಿವಿಗೆ ಹಾಕಿದ. ಐದು ನಿಮಿಷಕ್ಕೆ ಒಳಗಿನಿಂದ ವೈನಿ: "ಟಿವಿ ಬಂದ್ ಆತೇನು?" ಆಗಿರಲಿಲ್ಲ. ಒಬ್ಬ ಹುಡುಗ ಸುಮ್ಮನೆ ಕೂತು ಊರು ನೋಡುತ್ತಿದ್ದ. ವೆಬ್ ಸೀರೀಸಿನವರು ಅಡುಗೆಮನೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದರಲ್ಲಿ ಸುಮ್ಮನಿರುವುದೂ ಒಂದು ಮಾತು. ಕಣ್ಣು ಅಲ್ಲೇ ಇದ್ದರೆ ಮಾತ್ರ ಅದು ತಿಳಿಯುತ್ತದೆ.

ಆದರೂ ಅದು ನನಗೆ ಬಹಳ ಹಿಡಿಸಿತು. 2020ರಲ್ಲಿ ಮೊದಲ ಸೀಸನ್, 2025ಕ್ಕೆ ನಾಲ್ಕನೆಯದು. ಫುಲೇರಾ ಅನ್ನುವ ಊರು, ಪ್ರಧಾನ್, ಅಂದರೆ ಪಂಚಾಯಿತಿ ಅಧ್ಯಕ್ಷೆ, ಮಂಜು ದೇವಿ, ಕೆಲಸ ಎಲ್ಲ ಗಂಡನದು. ಇದೇನು ಉತ್ತರ ಪ್ರದೇಶದ ಗುಟ್ಟಲ್ಲ. ನಮ್ಮಲ್ಲೂ ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ, "ಅಧ್ಯಕ್ಷರ ಗಂಡ" ಅನ್ನುವ ಹುದ್ದೆ ಕಾನೂನಿನಲ್ಲಿ ಇಲ್ಲದಿದ್ದರೂ ಖುರ್ಚಿ ಇದೆ. ಮೊದಲ ಸೀಸನ್ನಿನ ಕೊನೆಗೆ ಜನವರಿ 26ರಂದು ಮಂಜು ದೇವಿ ತಾನೇ ಬಾವುಟ ಹಾರಿಸಲು ಬರುತ್ತಾಳೆ, ಬಾಯಿಪಾಠ ಮಾಡಿದ ಜನಗಣಮನ ಹಾಡುತ್ತಾಳೆ. ಅದು ಕೇಳಿಸಿತು ನೋಡಿ, ವೈನಿ ಹೊರಗೆ ಬಂದರು. ಎರಡೂ ಕೈ ಹಿಟ್ಟು. ಬಾಗಿಲಲ್ಲೇ ನೆಟ್ಟಗೆ ನಿಂತು ಮುಗಿಯುವ ತನಕ ನೋಡಿದರು. ಹಂಚಿನ ಮೇಲಿನ ರೊಟ್ಟಿ ಅವತ್ತು ಕರಿ ಆಯಿತು, ಯಾರೂ ಏನೂ ಅನ್ನಲಿಲ್ಲ.

ಈಚೆಗೆ ಒಂದು ಧಾರಾವಾಹಿಯ ಅತ್ತೆ ಬಗ್ಗೆ ನಮ್ಮ ಇಬ್ಬರು ವಿಮರ್ಶಕರಿಗೆ ಭಿನ್ನಮತ. ಹೆಸರು ಬೇಡ, ಇನ್ನೂ ನಡೆಯುತ್ತಿದೆ. ಕಾಕಾ ಪ್ರಕಾರ ಆಕೆ ದೇವರಂಥವಳು. ಸದಾ ನಗುಮುಖ, ಸೊಸೆ ತಲೆ ಮೇಲೆ ಕೈ. ವೈನಿ ಪ್ರಕಾರ ಅಂಥ ಹಾವು ಇನ್ನೊಂದಿಲ್ಲ. "ಆ ದನಿ ಕೇಳಿದ್ರ ಸಾಕು, ಬೆಲ್ಲದಾಗ ಅದ್ದಿದ ಚೂರಿ." ಟಪಾಲಿನವನಾದ ನನಗೆ ದಿನಾ ಎರಡೂ ಕಡೆ ಬೈಗುಳ. ಹೀಗಿರುವಾಗ ಗಿರಣಿಯ ಮೋಟಾರ್ ಸುಟ್ಟಿತು. ರಿಪೇರಿಗೆ ಹೋದ ಮೋಟಾರ್ ಬರುವ ತನಕ ಕಾಕಾನಿಗೆ ಕೆಲಸ ಇಲ್ಲ. ಖಾಲಿ ಕೂತು ಅವರು ಟಿವಿಯ ದನಿ ಹಾಕಿದರು.

ನಾನು ಹೋದಾಗ ಅವರ ಮುಖ ಸಣ್ಣದಾಗಿತ್ತು. "ಇಷ್ಟು ಮಾತಾಡ್ತಾರೇನೋ ಇವರು? ಆಡಿದ್ದನ್ನ ಆಡ್ತಾರ." ಸ್ವಲ್ಪ ಹೊತ್ತು ಬಿಟ್ಟು, "ಮತ್ತ ಆ ಅತ್ತಿ. ನಕ್ಕೋತ ನಕ್ಕೋತ ಎಂಥಾ ಮಾತಾಡ್ತಾಳಪ್ಪ ಅಕಿ! ನಿಮ್ಮ ವೈನಿ ಹೇಳಿದ್ದ ಖರೆ ಅಂತ ಹೇಳು."

ಹೇಳಿದೆ. ವೈನಿ ಗೆದ್ದ ಖುಷಿಗೆ ಅವತ್ತು ಎಣ್ಣೆಗಾಯಿ ಮಾಡಿದರು. ಆದರೆ ಮೋಟಾರ್ ತಿರುಗಿ ಬಂತು, ಗಿರಣಿ ಶುರುವಾಯಿತು, ಟಿವಿಯ ದನಿ ಮತ್ತೆ ಬಂದ್. ವಾರ ಕಳೆಯುವುದರೊಳಗೆ ಕಾಕಾ ಶುರು ಮಾಡಿದರು. "ಏನರ ಅನ್ನು ತಮ್ಮಾ, ಅಕಿ ಈಗ ಸುಧಾರಿಸ್ಯಾಳ. ಮಾರಿ ನೋಡಿದ್ರ ಗೊತ್ತಾಗ್ತೈತಿ." ಇದನ್ನು ವೈನಿಗೆ ಹೇಗೆ ಹೇಳುವುದು ಅಂತ ನಾನಿನ್ನೂ ಯೋಚಿಸುತ್ತಿದ್ದೇನೆ.