‘ಡೆತ್ ಸ್ಟ್ರ್ಯಾಂಡಿಂಗ್’ ಹೊಸ ಪ್ರಕಾರದ ವಿಡಿಯೊ ಆಟವೇ?

ಪರ

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಚೀಲ ಹೊತ್ತು ಲಾರಿಯ ಹಲಗೆ ಏರುವ ಹಮಾಲರನ್ನು ನೋಡುತ್ತಾ ಬೆಳೆದವರಿಗೆ ಈ ಆಟದ ಒಳಗುಟ್ಟು ಬೇಗ ತಿಳಿಯುತ್ತದೆ: ಭಾರ ಎತ್ತುವುದಕ್ಕಿಂತ, ಅದು ವಾಲದಂತೆ ಹೆಜ್ಜೆ ಇಡುವುದೇ ಕಷ್ಟದ ಕೆಲಸ. 2019ರ ನವೆಂಬರ್‌ನಲ್ಲಿ ಜಪಾನಿನ ಆಟ ವಿನ್ಯಾಸಕ ಹಿಡಿಯೊ ಕೊಜಿಮಾ ಹೊರತಂದ ‘ಡೆತ್ ಸ್ಟ್ರ್ಯಾಂಡಿಂಗ್’ನ ನಾಯಕ ಸ್ಯಾಮ್ ಊರಿಂದೂರಿಗೆ ಸಾಮಾನು ಮುಟ್ಟಿಸುವವನು. ಬೆನ್ನ ಮೇಲೆ ಪೆಟ್ಟಿಗೆ ಪೇರಿಸಿದಷ್ಟೂ ಅವನು ಓಲಾಡುತ್ತಾನೆ. ಎಡಕ್ಕೆ ವಾಲಿದಾಗ ಬಲಬೆರಳಿನ ಗುಂಡಿ, ಬಲಕ್ಕೆ ವಾಲಿದಾಗ ಎಡಬೆರಳಿನದು ಒತ್ತಿ ಅವನನ್ನು ಸಂಭಾಳಿಸಬೇಕು, ಹೊಳೆಯಲ್ಲಿ ಕಾಲು ಜಾರಿತೋ, ಪೆಟ್ಟಿಗೆಗಳು ಕಣ್ಣೆದುರೇ ತೇಲಿಹೋಗುತ್ತವೆ. ಬೇರೆ ಆಟಗಳಲ್ಲಿ ನಡಿಗೆಯು ಒಂದು ಕಾಳಗದಿಂದ ಇನ್ನೊಂದಕ್ಕೆ ಹೋಗುವ ನೆಪ ಮಾತ್ರ. ಇಲ್ಲಿ ಹಾದಿಯೇ ಎದುರಾಳಿ.

ಇನ್ನೊಂದು ಸಂಗತಿಯಿದೆ. ಅಪರಿಚಿತ ಆಟಗಾರರು ಎಲ್ಲಿಂದಲೋ ಹಾಕಿದ ಏಣಿ, ಕಟ್ಟಿದ ಸೇತುವೆ ನಮ್ಮ ಆಟದಲ್ಲಿ ಕಾಣಿಸಿಕೊಳ್ಳುತ್ತವೆ. ಅವರ ಮುಖ ಮಾತ್ರ ಕಾಣುವುದಿಲ್ಲ, ನಾವು ಮರಳಿಸಬಹುದಾದದ್ದು ಒಂದಿಷ್ಟು ‘ಲೈಕ್’ ಅಷ್ಟೆ. ಕೊಜಿಮಾ ಇದನ್ನು ‘ಸ್ಟ್ರ್ಯಾಂಡ್ ಗೇಮ್’ (ಜನರನ್ನು ಬೆಸೆಯುವ ಎಳೆಯ ಆಟ) ಎಂದು ಕರೆದದ್ದನ್ನು ಬರೀ ಜಾಹೀರಾತು ಎಂದು ತಳ್ಳಿಹಾಕುವವರು ನೆನಪಿಡಬೇಕು: 1987ರಲ್ಲಿ ಅವರ ‘ಮೆಟಲ್ ಗಿಯರ್’ ಬಂದಾಗ, ಅಡಗಿ ಸಾಗುವ ಆಟಕ್ಕೆ ‘ಸ್ಟೆಲ್ತ್’ ಎಂಬ ಹೆಸರೂ ರೂಢಿಯಲ್ಲಿರಲಿಲ್ಲ.

ವಿರೋಧ

ಹಮಾಲರ ಹೋಲಿಕೆ ಸೊಗಸಾಗಿದೆ, ಆದರೆ ಅದು ಹೇಳುವುದು ಅರ್ಧ ಆಟವನ್ನು ಮಾತ್ರ. ಸ್ಯಾಮ್‌ನ ಕೈಗೆ ಬಂದೂಕು, ಗ್ರೆನೇಡ್‌ಗಳೂ ಬರುತ್ತವೆ. ಸಾಮಾನು ಕಸಿಯುವ ‘ಮ್ಯೂಲ್’ಗಳು ಅಟ್ಟಿಸಿಕೊಂಡು ಬರುತ್ತಾರೆ, ‘ಬಿಟಿ’ ಎಂಬ ಪ್ರೇತಗಳ ನಡುವೆ ಉಸಿರು ಬಿಗಿಹಿಡಿದು ನುಸುಳಬೇಕಾಗುತ್ತದೆ, ಕೆಲವೆಡೆಯಂತೂ ಕಾದಾಡದೆ ಕಥೆ ಮುಂದೆ ಸಾಗುವುದೇ ಇಲ್ಲ. ಇವೆಲ್ಲ ಆಕ್ಷನ್ ಆಟದ ಹಳೆಯ ಸರಕು.

ಹೊಸದೆಂದು ತೋರಿಸುವ ಎಳೆಯೂ ಪೂರ್ತಿ ಹೊಸದಲ್ಲ. 2009ರ ‘ಡೀಮನ್ಸ್ ಸೋಲ್ಸ್’ನಲ್ಲಿಯೇ ಮುಖ ಕಾಣದ ಆಟಗಾರರು ಮುಂದೆ ಬರುವವರಿಗಾಗಿ ನೆಲದ ಮೇಲೆ ಎಚ್ಚರಿಕೆಯ ಮಾತು ಬರೆದಿಟ್ಟು ಹೋಗುತ್ತಿದ್ದರು. ಆದರೂ ‘ಸೋಲ್ಸ್‌ಲೈಕ್’ (‘ಸೋಲ್ಸ್’ ಮಾದರಿಯ ಆಟ) ಎಂಬುದು ಪ್ರಕಾರವಾಗಿ ನಿಂತದ್ದು, ಅಂಥವನ್ನು ಬೇರೆ ಬೇರೆ ಕಂಪನಿಗಳೂ ಮಾಡತೊಡಗಿದ ಮೇಲೆ. 2025ರಲ್ಲಿ ಬಂದ ಎರಡನೇ ‘ಡೆತ್ ಸ್ಟ್ರ್ಯಾಂಡಿಂಗ್’ ಕೂಡ ಕೊಜಿಮಾ ಅವರದ್ದೇ. ಒಂದೇ ಮನೆತನ ಇದ್ದಲ್ಲಿ ಅದನ್ನು ಊರೆಂದು ಕರೆಯಲಾಗದು.

ನಮ್ಮ ಓಣಿಯಲ್ಲಿ ಗಂಟೆಗಿಷ್ಟೆಂದು ಹಣ ಪಡೆದು ಆಟ ಆಡಿಸುವ ಅಂಗಡಿಯಲ್ಲಿ ಹುಡುಗನೊಬ್ಬ, “ಎಂಥಾ ಗೇಮ್ ಅದ ಇದು?” ಎಂದು ಕೇಳಿದಾಗ ನಾನು ಮೊದಲು ‘ಸ್ಟ್ರ್ಯಾಂಡ್’ ಎಂದು ಹೇಳಿ ನೋಡಿದೆ, ಅವನು ಮುಖ ಮುಖ ನೋಡಿದ. “ಆಕ್ಷನ್ ಅದ, ಆದ್ರ ನಡ್ಯಾದು ಭಾಳ ಅದ” ಎಂದು ನಾನು ಹೇಳಿದ ಮೇಲೆ ಕಂಟ್ರೋಲರ್ ಇಸಿದುಕೊಂಡು ಕೂತ.